ಐದು ಗಂಟೆಯ ಕೆಂಪು ಗೆರೆ ಮತ್ತು ದೊರ್ಕಾ ಬಾಯಿಯವರು

ಬೀದರ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಇಂಗ್ಲಿಷಿನ ಹೆದರಿಕೆ ಬಿಡಿಸಿ, ಅದನ್ನು ಮಕ್ಕಳ ನಾಲಿಗೆಗೆ ಒಗ್ಗಿಸಿದವರನ್ನು ನೆನೆಯುವಾಗ ಮೊದಲು ನೆನಪಾಗುವವರು, ಈ ತಿಂಗಳು ನಿವೃತ್ತರಾಗುತ್ತಿರುವ, ಎಲ್ಲರೂ ಬಾಯೋರು ಎಂದೇ ಕರೆಯುವ ಶಿಕ್ಷಕಿ ಶ್ರೀಮತಿ ದೊರ್ಕಾ ಸ್ಯಾಮ್ಸನ ಅವರು. ಭಾಲ್ಕಿ, ಔರಾದ, ಬೀದರಗಳಲ್ಲಿ ಸಾಗಿದ ಅವರ ಸೇವೆಯನ್ನು ಹೊಗಳಿಕೆಯಿಂದಲೇ ತುಂಬಬಹುದಿತ್ತು. ಆದರೆ ತಮ್ಮ ತಪ್ಪೊಂದನ್ನು ಬಿಟ್ಟು ಬರೆದರೆ ಈ ಅಭಿನಂದನ ಗ್ರಂಥವನ್ನು ಮುಟ್ಟುವುದಿಲ್ಲವೆಂದು ಅವರೇ ಹೇಳಿಕಳಿಸಿದ್ದಾರೆ.

ಅವರು ಮೊದಲು ಸೇರಿದ ಭಾಲ್ಕಿಯ ಶಾಲೆಯಲ್ಲಿ ಒಂದು ರೂಢಿ ಇತ್ತು. ಹತ್ತನೆಯ ತರಗತಿಯ ಪರೀಕ್ಷೆ ಅರ್ಜಿಯ ಕೊನೆಯ ದಿನ ಐದು ಗಂಟೆ ಹೊಡೆದೊಡನೆ ರಜಿಸ್ಟರಿನ ಕೊನೆಯ ಹೆಸರಿನ ಕೆಳಗೆ ಕೆಂಪು ಗೆರೆ ಎಳೆಯಬೇಕು. ಹೊಸದಾಗಿ ಬಂದ ದೊರ್ಕಾ ಅವರು ಅಚ್ಚುಕಟ್ಟಾಗಿ ಎಳೆದರು. ಹತ್ತು ನಿಮಿಷಕ್ಕೆ ಖಟಕ ಚಿಂಚೋಳಿಯ ವಿದ್ಯಾರ್ಥಿನಿ ಮಹಾಮಾಯಾ ಏದುಸಿರು ಬಿಡುತ್ತ ಬಂದಳು.

"ಬಸ್ ಕೆಟ್ಟ ನಿಂತಿತ್ರಿ ಬಾಯೋರ. ಅರ್ಧಾ ದಾರಿ ನಡಕೋತ ಬಂದೀನ್ರಿ."

"ಗೆರಿ ಹೊಡದೀನವ್ವ. ಈಗ ನನ್ನ ಕೈಯಾಗ ಏನೂ ಇಲ್ಲ."

ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ. ಪರೀಕ್ಷೆಯೇ ಇಲ್ಲವೆಂದ ಮೇಲೆ ಇನ್ನೇನೆಂದು ಮನೆಯವರು ಆ ಬೇಸಿಗೆಯಲ್ಲೇ ಮದುವೆ ಮಾಡಿದರು.

ವರ್ಷಗಳಾದ ಮೇಲೆ ಔರಾದಿನಲ್ಲಿ, ಸಹೋದ್ಯೋಗಿ ಮಾಧವ ಅವರು ದಪ್ಪ ನಿಘಂಟು ಹಿಡಿದು ಬಂದರು.

"ಕೇಳ್ರಿ ಬಾಯೋರ, ಕೊನೀ ದಿನಕ್ಕ ನಿಮ್ಮ ಇಂಗ್ಲಿಷಿನಾಗ ಡೆಡ್‌ಲೈನ್ ಅಂತಾರಲ್ಲ, ಆ ಮಾತು ಎಲ್ಲಿಂದ ಬಂತಂತ. ಅಮೆರಿಕಾದಾಗ ಅವರವರೇ ಬಡದಾಡಿದಾಗ ಜೈಲಿನ ಬೇಲಿ ಒಳಗ ಒಂದು ಗೆರಿ ಇತ್ತಂತ. ಕೈದಿ ದಾಟಿದ್ರ ಸಿಪಾಯಿ ಗುಂಡ ಹೊಡೀತಿದ್ದ. ಆಮ್ಯಾಲ ಪೇಪರಿನವರು ಅದನ್ನ ಟೈಮಿಗಿ ಹಚ್ಚಿದ್ರು."

"ಹೊಡದ ಸಿಪಾಯಿಗಿ ಏನಂತಾರ್ರಿ?"

"ಏನಂತಾರ? ಡ್ಯೂಟಿ ಮಾಡ್ದ ಅಂತಾರ!"

ಮಾಧವ ನಕ್ಕರು. ದೊರ್ಕಾ ಅವರ ಊಟದ ಡಬ್ಬಿ ಅಂದು ತೆರೆಯದೆಯೇ ಮನೆಗೆ ಮರಳಿತು. ಮುಂದಿನ ವರ್ಷದಿಂದ, ಕೊನೆಯ ದಿನಕ್ಕೆ ಮೊದಲೇ ಅವರು ಅರ್ಜಿ ಕೊಡದ ಮಕ್ಕಳ ಮನೆಗೆ ಹೋಗತೊಡಗಿದರು. ಜ್ವರದಲ್ಲಿ ಮಲಗಿದವಳೊಬ್ಬಳ ಸಹಿಯನ್ನು ಹಾಸಿಗೆಯ ಬಳಿಯೇ ಕೂತು ಹಾಕಿಸಿ ತಂದರು.

ಬೀದರಕ್ಕೆ ವರ್ಗವಾದ ಮೇಲೆ, ಅಲ್ಲಿನ ಚಿದ್ರಿ ಬಡಾವಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಮಹಾಮಾಯಾಳನ್ನು ಹುಡುಕಿಕೊಂಡು ಹೋದರು.

"ತಪ್ಪಾತವ್ವ. ಈಗೂ ಪರೀಕ್ಷಿ ಕಟ್ಟಬಹುದು. ನಾ ಕಲಸ್ತೇನಿ."

ಆಕೆ ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ. "ಈಗ ನಿಮಗ ಟೈಮ್ ಸಿಕ್ತೇನ್ರಿ ಬಾಯೋರ? ನನಗಿಲ್ರಿ. ಚಹಾ ಕುಡೀರಿ."

ಅಂದಿನಿಂದ ಪ್ರತಿ ರವಿವಾರ ಚರ್ಚಿನ ಆರಾಧನೆ ಮುಗಿಸಿ ಅವರು ಅಲ್ಲಿಗೆ ಹೋಗುತ್ತಾರೆ. ಚಹಾ ಸಿಗುತ್ತದೆ, ಪರೀಕ್ಷೆಗೆ ಹ್ಞೂಂ ಎಂಬ ಮಾತು ಇನ್ನೂ ಸಿಕ್ಕಿಲ್ಲ. ಕರ್ತನು ಅವರ ಮೊಣಕಾಲಿಗೆ ಬಲ ಕೊಡಲಿ, ಆಯುಷ್ಯ ಹೆಚ್ಚಿಸಲಿ. ನಿವೃತ್ತಿಯಾದರೂ ಅವರಿಗೆ ಒಂದು ಪಾಠ ಉಳಿದಿದೆ. ಕೇಳಬೇಕಾದವಳು ಕೇಳಲು ಕೂರುವವರೆಗೆ ಅವರು ನಮ್ಮ ನಡುವೆ ಇರಲಿ.