ಮಂಟಯ್ಯನ ಸೊಟ್ಟ ಹೆಬ್ಬೆರಳು

ಜಯಲಕ್ಷ್ಮಿಪುರಂನ ವಾಗೀಶನ ಮನೆಯ ಕಾರ್ ಶೆಡ್ಡನ್ನು ಈಗ ಯಾರೂ ಕಾರ್ ಶೆಡ್ ಅನ್ನುವ ಹಾಗಿಲ್ಲ. ಅದು ಸ್ಟುಡಿಯೋ. ಕಾರು ಪಾಪ, ಬೀದಿಯ ಹೊಂಗೆ ಮರದ ಕೆಳಗೆ ಹಕ್ಕಿಗಳ ಹಿಕ್ಕೆ ಹೊತ್ತುಕೊಂಡು ನಿಂತಿರುತ್ತದೆ. ಒಳಗೆ ಗಿಟಾರುಗಳು ಕೈಯಿಂದಲೇ ತಯಾರಾಗುತ್ತವೆ. ಕೈಯಿಂದ ಎನ್ನುವುದಂತೂ ಸತ್ಯ. ಯಾರ ಕೈ ಎಂದು ವಾಗೀಶ ಹೇಳಲಿಲ್ಲ, ಕೊಳ್ಳುವವರೂ ಕೇಳಲಿಲ್ಲ.

ಆ ಕೈ ಬನ್ನಿಮಂಟಪದ ಮಂಟಯ್ಯನದು. ವಯಸ್ಸು ಅರವತ್ತೊಂದು. ಅವನ ಅಪ್ಪ ಚಿಕ್ಕಣ್ಣ ಮೈಸೂರಿನ ಟಾಂಗಾಗಳಿಗೆ ಮೇಲ್ಹೊದಿಕೆಯ ಕಮಾನು ಬಗ್ಗಿಸಿಕೊಡುತ್ತಿದ್ದವನು. ಆಟೋಗಳು ಬಂದವು, ಟಾಂಗಾಗಳು ಹೋದವು. ಉಳಿದ ನಾಲ್ಕಾರು ಟಾಂಗಾಗಳು ಪ್ರವಾಸಿಗರ ಫೋಟೋಕ್ಕೆ ನಿಂತವು, ಅವಕ್ಕೆ ಹೊಸ ಕಮಾನು ಬೇಕಾಗಲಿಲ್ಲ. ಮಂಟಯ್ಯ ಬೆತ್ತದ ಕುರ್ಚಿಗೆ ಕೈ ಬಗ್ಗಿಸುವ ಕೆಲಸಕ್ಕೆ ಹೋದ. ಅಷ್ಟರಲ್ಲಿ ಪ್ಲಾಸ್ಟಿಕ್ ಕುರ್ಚಿ ಬಂತು. ಹೀಗೆ ತಾನು ಕಲಿತದ್ದನ್ನೆಲ್ಲ ಊರು ಒಂದೊಂದಾಗಿ ಬೇಡವೆನ್ನುತ್ತಿದ್ದಾಗ ಅವನಿಗೆ ವಾಗೀಶ ಸಿಕ್ಕಿದ.

ವಾಗೀಶ ಗಿಟಾರ್ ತಯಾರಿಕೆಯನ್ನು ಎಲ್ಲೋ ಮೂರು ವಾರ ಕಲಿತು ಬಂದಿದ್ದ. ಮರ ಬಗ್ಗಿಸುವುದನ್ನು ಕಲಿಯಲು ಹೋಗಿ ಸೌದೆ ಸೀಳುವುದರಲ್ಲಿ ಪಳಗಿದ್ದ. ಗಿಟಾರಿನ ಪಕ್ಕೆ ಎಂದರೆ ಎರಡು ತೆಳ್ಳನೆಯ ಹಲಗೆ. ಅವನ್ನು ಕಾದ ಕಬ್ಬಿಣದ ಕೊಳವೆಗೆ ಒತ್ತಿ, ಭುಜ, ಸೊಂಟ, ಹೊಟ್ಟೆ ಮೂರೂ ಮೂಡುವಂತೆ ಬಗ್ಗಿಸಬೇಕು. ನಮ್ಮ ಕಡೆಯ ಬೀಟೆ ಸಂಭಾವಿತ ಮರ, ಹೇಳಿದ ಮಾತು ಕೇಳುತ್ತದೆ. ಆದರೆ ವಾಗೀಶನ ಗಿರಾಕಿಗಳಿಗೆ ಬೀಟೆ ಸಾಲದು. ಮರ ಹಡಗು ಹತ್ತಿ ಬಂದಿರಬೇಕು, ಹೆಸರು ಹೇಳುವಾಗ ನಾಲಿಗೆ ತೊಡರಬೇಕು. ಇಂಥ ಮರಗಳಿಗೆ ಅಂದ ಹೆಚ್ಚು, ಸಹನೆ ಕಡಿಮೆ. ನೀರು ಹೆಚ್ಚಾದರೆ ಸುಕ್ಕುಗಟ್ಟುತ್ತವೆ, ಶಾಖ ಸಾಲದಿದ್ದರೆ ಸೊಂಟದ ಹತ್ತಿರ ಲಟಕ್ಕೆಂದು ಮುರಿಯುತ್ತವೆ. ಮಂಟಯ್ಯ ಬಂದ ಮೇಲೆ ಆರು ವರ್ಷದಲ್ಲಿ ಒಂದೂ ಮುರಿಯಲಿಲ್ಲ.

ಅದರ ಗುಟ್ಟು ಅವನ ಎಡಗೈ ಹೆಬ್ಬೆರಳಿನಲ್ಲಿತ್ತು. ಇಪ್ಪತ್ತನೇ ವಯಸ್ಸಿನಲ್ಲಿ ಟಾಂಗಾದ ಕಮಾನೊಂದು ಸಿಡಿದು ಆ ಬೆರಳು ಮುರಿದಿತ್ತು. ಕಟ್ಟು ಹಾಕಿದ ನಾಟಿ ವೈದ್ಯನಿಗೆ ಅಂದು ಏನು ಅವಸರವಿತ್ತೋ, ಬೆರಳು ಹೊರಕ್ಕೆ ಬಾಗಿ ಹಾಗೇ ಕೂಡಿಕೊಂಡಿತು. ಅಂಗಿಯ ಗುಂಡಿ ಹಾಕಲಿಕ್ಕೂ ಬಾರದ ಬೆರಳು ಗಿಟಾರಿನ ಸೊಂಟಕ್ಕೆ ಮಾತ್ರ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತಿತ್ತು. ಮರ ಇನ್ನೇನು ಸಡಿಲವಾಗುತ್ತದೆ ಎನ್ನುವ ಗಳಿಗೆ ಮಂಟಯ್ಯನಿಗಿಂತ ಮೊದಲು ಆ ಬೆರಳಿಗೆ ತಿಳಿಯುತ್ತಿತ್ತು.

ವಾಗೀಶ ವಾರಕ್ಕೆರಡು ರೀಲ್ಸ್ ಹಾಕುತ್ತಿದ್ದ. ಮೊದಲು ಮರ ಬಗ್ಗಿಸುವ ಕೈ, ಆಮೇಲೆ ಕಿಟಕಿಯಾಚೆ ನೋಡುತ್ತ ಚಿಂತನೆಯಲ್ಲಿ ಮುಳುಗಿದ ವಾಗೀಶನ ಮುಖ. ಎರಡಕ್ಕೂ ಒಂದೇ ಮೈ ಎಂದು ನೋಡುವವರು ತಾವೇ ಅಂದುಕೊಂಡರೆ ಅದು ಅವರ ಔದಾರ್ಯ. ವಿಡಿಯೋ ಶುರುವಾಗುವ ಮೊದಲು ವಾಗೀಶ ತನ್ನ ಬೆಳ್ಳಿ ಕಡಗವನ್ನು ಮಂಟಯ್ಯನ ಕೈಗೆ ತೊಡಿಸುತ್ತಿದ್ದ. ಮುಗಿದ ಮೇಲೆ ಚೆನ್ನಾಗಿ ಒರೆಸಿ ವಾಪಸ್ ತೊಟ್ಟುಕೊಳ್ಳುತ್ತಿದ್ದ.

“ನಿಮ್ ಕೈ ಲೋಕವೆಲ್ಲಾ ಸುತ್ಕಂಡ್ ಬಂತು, ಮೊಕ ಮಾತ್ರ ರೇಷನ್ ಕಾರ್ಡ್‌ನಲ್ಲೇ ಕುಂತದೆ ಬುಡಿ” ಎಂದು ಹೆಂಡತಿ ಶಾರದ ನಗುತ್ತಿದ್ದಳು. ಮಂಟಯ್ಯನೂ ನಗುತ್ತಿದ್ದ. ಆದರೆ ಅವನಿಗೆ ಒಂದು ಆಸೆಯಿತ್ತು. ಗಿಟಾರಿನ ಹೊಟ್ಟೆಯೊಳಗೆ, ತೂತಿನಿಂದ ಇಣುಕಿದರೆ ಕಾಣುವ ಹಾಗೆ, ತಯಾರಕನ ಹೆಸರಿನ ಚೀಟಿಯೊಂದನ್ನು ಅಂಟಿಸುತ್ತಾರೆ. ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟ.

“ಸಾ, ಆ ಚೀಟೀಲಿ ಒಂದ್ ಮೂಲೇಲಿ ನನ್ ಹೆಸ್ರೂ ಬರೀರಿ. ನಮ್ಮಪ್ಪ ಬಗ್ಸಿದ್ ಕಮಾನೆಲ್ಲ ಒಲೆಗೋದ್ವು. ಇದಾದ್ರೂ ಉಳೀಲಿ.”

“ಬರೀಬೋದಿತ್ತು ಮಂಟಯ್ಯ, ಆದ್ರೆ ಬ್ರ್ಯಾಂಡ್ ಡೈಲ್ಯೂಟ್ ಆಗುತ್ತೆ” ಎಂದ ವಾಗೀಶ, ತುಂಬ ಪ್ರೀತಿಯಿಂದ.

ಡೈಲ್ಯೂಟ್ ಎಂದರೆ ಪಾಲಿಶ್‌ಗೆ ತಿನ್ನರ್ ಬೆರೆಸುವುದು ಎಂದು ಮಂಟಯ್ಯನಿಗೆ ಗೊತ್ತಿತ್ತು. ತನ್ನ ಹೆಸರೇ ತಿನ್ನರ್ ಎನ್ನುವುದು ಮಾತ್ರ ಅಂದೇ ಗೊತ್ತಾದದ್ದು. ಅವನಿಗೆ ಬಹಳ ನೋವಾಯಿತು. ಮತ್ತೆ ಕೇಳಲಿಲ್ಲ.

ಹೀಗಿರುವಾಗ ಮೂಳೆ ಡಾಕ್ಟರ್ ಸುಂದರೇಶ ಫೋನ್ ಮಾಡಿದರು. ಅವರ ಹತ್ತಿರ ಜಿರಿಕೋಟೆ ಎಂಬ ಮರದ ಒಂದು ಜೊತೆ ಹಲಗೆಯಿತ್ತು. ಹದಿನೆಂಟು ವರ್ಷದ ಹಿಂದೆ ಮೆಕ್ಸಿಕೋದಿಂದ ತಂದು, ಹಳೇ ಸೀರೆಯಲ್ಲಿ ಸುತ್ತಿ ಮಂಚದ ಕೆಳಗಿಟ್ಟಿದ್ದರು. ಗಿಟಾರ್ ಮಾಡಿಕೊಡಬೇಕು, ಬಗ್ಗಿಸುವಾಗ ತಾವು ಎದುರಿಗಿರಬೇಕು, ಅದೊಂದೇ ಷರತ್ತು. ವಾಗೀಶ ಇಲ್ಲದ ನೆಪ ಹೇಳಿ ನೋಡಿದ. ಡಾಕ್ಟರು ರೋಗಿಗಳ ನೆಪ ಕೇಳಿಕೇಳಿ ಹಣ್ಣಾದವರು, ಶನಿವಾರ ಬೆಳಿಗ್ಗೆ ಹತ್ತಕ್ಕೆ ಸೀರೆ ಸುತ್ತಿದ ಹಲಗೆಗಳ ಸಮೇತ ಬಂದೇಬಿಟ್ಟರು.

ಅವರು ಗೇಟು ತೆಗೆಯುವಷ್ಟರಲ್ಲಿ ವಾಗೀಶ ಮಂಟಯ್ಯನ ಕೈಗೆ ಪೊರಕೆ ಕೊಟ್ಟ. “ಮೂಲೇಲಿ ಗುಡಿಸ್ತಾ ಇರಿ ಮಂಟಯ್ಯ. ನಾನು ಏನಾದ್ರೂ ಹೇಳಿ ಮರ ಇಟ್ಕೊಂಡು ಕಳಿಸ್ತೀನಿ.”

ಮಂಟಯ್ಯ ಗುಡಿಸಿದ. ಡಾಕ್ಟರು ಕೂರಲೂ ಇಲ್ಲ. “ವಿಡಿಯೋ ಎಲ್ಲಾ ನೋಡಿದ್ದೀನಿ. ಎಲ್ಲಿ, ನಿಮ್ಮ ಎಡಗೈ ಕೊಡಿ” ಎಂದು ವಾಗೀಶನ ಹೆಬ್ಬೆರಳನ್ನು ಹಿಡಿದು ಹಿಂದೆ ಮುಂದೆ ಮಡಿಸಿದರು. ಬೆಣ್ಣೆಯಂಥ ಬೆರಳು, ಕಡ್ಡಿಯಷ್ಟು ನೇರ.

“ಇದು ಅದಲ್ಲ. ನಾನು ಮುಖ ಮರೀತೀನಿ ಕಣ್ರೀ, ಮೂಳೆ ಮರಿಯಲ್ಲ. ಹಳೇ ಮುರಿತ, ಸೊಟ್ಟಗೆ ಕೂಡಿದೆ. ಆ ಬೆರಳು ಯಾರದು?”

ವಾಗೀಶ ಕೈ ಬಿಡಿಸಿಕೊಂಡು ಜೇಬಿಗೆ ಹಾಕಿಕೊಂಡ. ಡಾಕ್ಟರು ಸುತ್ತ ಕಣ್ಣಾಡಿಸಿದರು. ಮೂಲೆಯಲ್ಲಿ ಪೊರಕೆ ಹಿಡಿದ ಕೈಯಿಂದ ಹೆಬ್ಬೆರಳೊಂದು ಹೊರಕ್ಕೆ ಚಾಚಿಕೊಂಡಿತ್ತು.

“ಇವರು ನಮ್ಮ ಬೆಂಡಿಂಗ್ ಅಸಿಸ್ಟೆಂಟು” ಎಂದ ವಾಗೀಶ ಕಡೆಗೂ.

“ಒಳ್ಳೇದು. ಅವರೇ ಬಗ್ಗಿಸಲಿ.”

ಮಂಟಯ್ಯ ಪೊರಕೆ ಒರಗಿಸಿ, ಸೀರೆ ಬಿಡಿಸಿ ಹಲಗೆ ನೋಡಿದ. ಕಪ್ಪು ಮೈಯಲ್ಲಿ ಜೇಡರ ಬಲೆಯಂಥ ಗೆರೆ. ಉಗುರಿನಿಂದ ತಟ್ಟಿದ. ಒಣಗಿ ಹಪ್ಪಳವಾಗಿತ್ತು.

“ಈ ಜೀರಿಗೆಕೋಟೆ ಭಾಳ ಸಿಡುಕು ಸ್ವಾಮಿ. ಒಡುದ್ರೆ ನಾನು ನಾಳೆಯಿಂದ ಈ ಕೆಲ್ಸಕ್ಕೇ ಬರಲ್ಲ. ಒಡೀದಿದ್ರೆ, ಒಳಗಿನ ಚೀಟೀಲಿ ನನ್ ಹೆಸ್ರು ಇರ್ಬೇಕು.”

“ಇರುತ್ತೆ” ಎಂದರು ಡಾಕ್ಟರು. ವಾಗೀಶನೂ ತಲೆಯಾಡಿಸಿದ. ಬೇರೆ ಏನು ಮಾಡಿಯಾನು?

ಕೊಳವೆ ಕಾಯಿತು. ಮಂಟಯ್ಯ ಹಲಗೆಗೆ ಒಂದೇ ಒಂದು ಸಲ ನೀರು ಸವರಿದ. ಬೆನ್ನಿಗೆ ತೆಳ್ಳನೆಯ ತಗಡು, ಅದರ ಮೇಲೆ ಒದ್ದೆ ಗೋಣಿ ಬಟ್ಟೆ, ಅದರ ಮೇಲೆ ಆ ಹೆಬ್ಬೆರಳು. ಅಂದು ಕಡಗ ತೊಡಿಸಲು ವಾಗೀಶನಿಗೆ ನೆನಪಾಗಲಿಲ್ಲ. ಹೊಟ್ಟೆಯ ತಿರುವು ಬಂತು, ಭುಜದ ತಿರುವು ಬಂತು. ಸೊಂಟದಲ್ಲಿ ಮರ ಕಿರ್ ಎಂದಿತು. ವಾಗೀಶ ಕಣ್ಣು ಮುಚ್ಚಿಕೊಂಡ. ಮಂಟಯ್ಯ ಒತ್ತಲೂ ಇಲ್ಲ, ಬಿಡಲೂ ಇಲ್ಲ, ಉಸಿರು ಹಿಡಿದು ಕಾದ. ಅಪ್ಪ ಕಮಾನಿನ ಮುಂದೆ ಹೀಗೇ ಕಾಯುತ್ತಿದ್ದ. ಹೊಗೆಯ ವಾಸನೆ ಸಿಹಿಯಾಯಿತು, ಬೆರಳಿನ ಕೆಳಗೆ ಮರ ಸೋತಿತು, ಸೊಂಟ ಮೂಡಿತು. ಎರಡನೆಯ ಹಲಗೆಯೂ ಅದೇ ದಾರಿಯಲ್ಲಿ ಬಂತು. ಮಂಟಯ್ಯನ ಕಣ್ಣಲ್ಲಿ ನೀರಿತ್ತು. ಹೊಗೆ ಎಂದ.

ಡಾಕ್ಟರು ಹಲಗೆಗಳನ್ನು ಮುಟ್ಟಿ ನೋಡಿದರು. ಆಮೇಲೆ ಬೆರಳನ್ನು ಮುಟ್ಟಿ ನೋಡಿದರು. ಅವರ ಮನಸ್ಸು ಕರಗಿತ್ತು. “ಇಷ್ಟು ವರ್ಷ ಅನುಭವಿಸಿದ್ದೀರಿ. ಸೋಮವಾರ ಬನ್ನಿ, ಸಣ್ಣ ಆಪರೇಷನ್ನು. ಇದನ್ನ ನೆಟ್ಟಗೆ ಮಾಡಿಕೊಡ್ತೀನಿ.”

ಮಂಟಯ್ಯ ಇನ್ನೂ ಬಾಯಿ ತೆರೆದಿರಲಿಲ್ಲ.

“ಬೇಡ ಡಾಕ್ಟ್ರೇ!” ವಾಗೀಶ ಇಬ್ಬರ ನಡುವೆ ಹಾರಿ ನಿಂತಿದ್ದ. “ದಮ್ಮಯ್ಯ, ಬೇಡ! ಆ ಬೆರಳು ನೆಟ್ಟಗಾದ್ರೆ ನನ್ನ ಕೈಲಿ ಒಂದು ಗಿಟಾರೂ ಮಾಡಕ್ಕಾಗಲ್ಲ!”

ಕಾಫಿ ತಂದ ಅವನ ತಾಯಿ ಭಾನುಮತಿ ಬಾಗಿಲಲ್ಲೇ ನಿಂತರು. “ಹಾಗಾದ್ರೆ ಇಷ್ಟು ವರ್ಷ ನೀನೇನು ಮಾಡ್ತಿದ್ಯೋ ಇಲ್ಲಿ?”

ವಾಗೀಶ ಅವಸರದಿಂದ ಎಲ್ಲರಿಗೂ ಕಾಫಿ ಹಂಚಿದ. ಕಾಫಿ ಮಾತ್ರ ಚೆನ್ನಾಗಿತ್ತು.

ಮಂಟಯ್ಯನ ಬೆರಳು ಸೊಟ್ಟಗೇ ಉಳಿಯಿತು, ಎರಡು ತಿಂಗಳಲ್ಲಿ ಗಿಟಾರ್ ಸಿದ್ಧವಾಯಿತು. ಒಯ್ಯಲು ಬಂದ ಡಾಕ್ಟರು ಮೊದಲು ಚೀಟಿ ಎಲ್ಲಿ ಎಂದರು. ಅಷ್ಟರಲ್ಲಿ ಸುಧಾರಿಸಿಕೊಂಡಿದ್ದ ವಾಗೀಶ ಖಾಲಿ ಚೀಟಿಯ ಜೊತೆ ಇಂಕ್ ಪ್ಯಾಡ್ ತಂದ, ಫೋನಿನ ಕ್ಯಾಮೆರಾ ಹಚ್ಚಿದ.

“ಹೆಸರ್ಯಾಕೆ ಮಂಟಯ್ಯ, ಹೆಬ್ಬೆಟ್ಟೇ ಒತ್ತಿಬಿಡಿ. ನಿಮ್ಮ ಬೆರಳೇ ಈಗ ಬ್ರ್ಯಾಂಡು. ತುಂಬಾ ಎಕ್ಸೋಟಿಕ್ ಆಗಿರುತ್ತೆ.”

ಎಸ್ಸೆಸ್ಸೆಲ್ಸಿವರೆಗೆ ಓದಿ, ಕಾಪಿ ಬರವಣಿಗೆಯಲ್ಲಿ ಮೇಷ್ಟ್ರಿಂದ ಶಭಾಷ್ ಅನ್ನಿಸಿಕೊಂಡಿದ್ದ ಮಂಟಯ್ಯ ಇಂಕ್ ಪ್ಯಾಡನ್ನು ಪಕ್ಕಕ್ಕೆ ತಳ್ಳಿದ. ಡಾಕ್ಟರ ಜೇಬಿನ ಪೆನ್ನು ಕೇಳಿ ಪಡೆದ. ಕೂತು, ನಿಧಾನವಾಗಿ, ಗುಂಡು ಗುಂಡಾದ ದೊಡ್ಡ ಅಕ್ಷರಗಳಲ್ಲಿ ಬರೆದ: ಮಂಟಯ್ಯ ಬಿನ್ ಚಿಕ್ಕಣ್ಣ, ಬನ್ನಿಮಂಟಪ, ಮೈಸೂರು.

ಚೀಟಿ ತುಂಬಿಹೋಯಿತು. ಕೆಳಗೆ ಒಂದು ಮೂಲೆ ಮಾತ್ರ ಉಳಿದಿತ್ತು. ಮಂಟಯ್ಯ ಪೆನ್ನನ್ನು ವಾಗೀಶನ ಕಡೆ ಚಾಚಿದ.

“ತಕ್ಕಳಿ ಸಾ, ಮೂಲೇಲಿ ನಿಮ್ದೂ ಬರ್ಕಳಿ.”