ಕೋಲ್ಡ್ ಸ್ಟೋರೇಜಿನಲ್ಲಿ ಹದಿಮೂರು ಕಂತು

ಎಲ್ಲಾ ಮೊಬೈಲಿನಲ್ಲೇ ಸಿಗುತ್ತದೆ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮದುವೆ ಮನೆಯಲ್ಲಿ, ಕೋರ್ಟಿನ ಕ್ಯಾಂಟೀನಿನಲ್ಲಿ, ರಾಣೆಬೆನ್ನೂರಿನಿಂದ ಹಾವೇರಿಗೆ ಹೋಗುವ ಬೆಳಗಿನ ರೈಲಿನಲ್ಲಿ, ನಾನು ಹಳೆಯ ಟಿ.ವಿ. ಧಾರಾವಾಹಿಗಳ ಸೀಡಿ ಕೂಡಿಹಾಕುತ್ತೇನೆ ಎಂದು ಎಲ್ಲಿ ಗೊತ್ತಾಗುತ್ತದೋ ಅಲ್ಲಿ ಇಂಥವನೊಬ್ಬ ಹುಟ್ಟಿಕೊಳ್ಳುತ್ತಾನೆ. ಕಿಸೆಯಿಂದ ಫೋನ್ ತೆಗೆದು ಹೆಸರು ಹೇಳಿ ಸರ್ ಅನ್ನುತ್ತಾನೆ. ಹೇಳುತ್ತೇನೆ. ಹೆಬ್ಬೆರಳಿನಿಂದ ತೀಡುತ್ತಾನೆ, ಮತ್ತೂ ತೀಡುತ್ತಾನೆ, ಕೊನೆಗೆ ನೆಟ್‌ವರ್ಕ್ ಇಲ್ಲ ಅನ್ನುತ್ತಾನೆ. ನೆಟ್‌ವರ್ಕ್ ಇರುತ್ತದೆ. ಧಾರಾವಾಹಿ ಇರುವುದಿಲ್ಲ.

ನನ್ನ ಮನೆಯ ತಿಜೋರಿಯಲ್ಲಿ ಮೂರು ಖಾನೆ ತುಂಬ ಇರುವುದು ಅವೇ. ಹುಬ್ಬಳ್ಳಿಯ ಫುಟ್‌ಪಾತಿನಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಆರಿಸಿದ್ದು, ಹಾವೇರಿ ಬಸ್‌ಸ್ಟ್ಯಾಂಡಿನ ಹತ್ತಿರದ ಕ್ಯಾಸೆಟ್ ಅಂಗಡಿ ಮುಚ್ಚುವಾಗ ಬಾಚಿಕೊಂಡು ಬಂದದ್ದು, ರಾಣೆಬೆನ್ನೂರಿನ ರದ್ದಿ ಅಂಗಡಿಯಲ್ಲಿ ಹಳೆಯ ಪೇಪರಿನ ನಡುವೆ ಸಿಕ್ಕಿದ್ದು. ಹದಿಮೂರು ವಾರಕ್ಕೆ ಮರ್ಯಾದೆಯಿಂದ ಮುಗಿಯುತ್ತಿದ್ದ ಕಾಲದ ಧಾರಾವಾಹಿಗಳು ಅವು. ಅತ್ತೆ ಒಮ್ಮೆ ಹೊರಳಿ ನೋಡುವುದನ್ನು ಆರು ಸಲ ಆರು ದಿಕ್ಕಿನಿಂದ ತೋರಿಸುವ ಚಟ ಆಗ ಇರಲಿಲ್ಲ.

ಸೀಡಿಯನ್ನು ಅಂಚು ಹಿಡಿದೇ ಎತ್ತಬೇಕು. ನಡುವೆ ಬೆರಳು ತಾಗಿಸಿದವರನ್ನು ನಾನು ಎರಡನೇ ಸಲ ಮನೆಗೆ ಕರೆದದ್ದಿಲ್ಲ. ಯಾರಿಗೂ ಎರವಲು ಕೊಡುವುದಿಲ್ಲ, ಯಾರಿಗೂ ಕಾಪಿ ಮಾಡಿಕೊಡುವುದಿಲ್ಲ. ನಾನು ಕೆಲಸ ಮಾಡುವುದು ಹಾವೇರಿಯಲ್ಲಿ, ಕೋರ್ಟಿನ ನಕಲು ವಿಭಾಗದಲ್ಲಿ. ದಿನವಿಡೀ ಊರವರ ಜಗಳಗಳ ನಕಲು ತೆಗೆದು ಅಸಲಿನ ಪ್ರಕಾರ ಇದೆ ಎಂದು ಶಿಕ್ಕಾ ಒತ್ತಿ ಕೊಡುತ್ತೇನೆ. ಮನೆಯಲ್ಲಾದರೂ ಬೇರೆ ಯಾರ ಹತ್ತಿರವೂ ಇಲ್ಲದ ಒಂದು ವಸ್ತು ಇರಲಿ ಎನ್ನುವುದು ನನ್ನ ಹಟವಾಗಿತ್ತು. ಆ ಹಟಕ್ಕೆ ಬೆಂಕಿ ಹಾಕಬೇಕು.

ಯಾಕೆಂದರೆ ಇದೆಲ್ಲ ಶುರುವಾದದ್ದು ಅಕ್ಕನ ಸಲುವಾಗಿ. ಅವಳಿಗೆ ಒಂದು ಧಾರಾವಾಹಿಯ ಕೊನೆಯ ನಾಲ್ಕು ಕಂತು ತೋರಿಸಬೇಕಾಗಿತ್ತು, ಅಷ್ಟೇ.

ಮೂವತ್ತೈದು ವರ್ಷದ ಹಿಂದಿನ ಮಾತು. ನಾನು ರಾಣೆಬೆನ್ನೂರಿನಲ್ಲಿ ಕಾಲೇಜಿನ ಮೊದಲ ವರ್ಷದಲ್ಲಿದ್ದೆ. ಅಕ್ಕ ಶಿಕ್ಷಕಿಯ ತರಬೇತಿ ಮುಗಿಸಿ ಮನೆಯಲ್ಲಿದ್ದಳು. ವಾರಕ್ಕೊಮ್ಮೆ ಸಂಜೆ ಅದು ಬರುತ್ತಿತ್ತು. ಹೆಸರು ಹೇಳುವುದಿಲ್ಲ, ಹೇಳಿದರೆ ಮತ್ತೆ ಯಾರೋ ಫೋನ್ ತೆಗೆಯುತ್ತಾರೆ. ಕಥೆ ದೊಡ್ಡದೇನಲ್ಲ. ಒಬ್ಬ ಹುಡುಗಿಗೆ ದೂರದ ಹಳ್ಳಿಯ ಶಾಲೆಯಲ್ಲಿ ನೌಕರಿ ಸಿಗುತ್ತದೆ. ನೌಕರಿ ಬಿಟ್ಟು ಬಾ ಎಂದು ಗಂಡನ ಮನೆಯವರು ಅನ್ನುತ್ತಾರೆ, ಬರುವುದಿಲ್ಲ ಎಂದು ಅವಳು ಅನ್ನುತ್ತಾಳೆ. ಒಂಬತ್ತನೆಯ ಕಂತಿನ ಕೊನೆಗೆ ಗಂಡ ಕರೆದೊಯ್ಯಲು ಬಂದು ಶಾಲೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಅವಳು ಬೋರ್ಡಿನ ಹತ್ತಿರ ನಿಂತವಳು ನಿಂತೇ ಇರುತ್ತಾಳೆ. ಆ ವಾರ ಅಲ್ಲಿಗೆ ಮುಗಿಸಿದರು. ಅಕ್ಕ ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು: ಆಕಿ ಹೋಗಂಗಿಲ್ಲ ನೋಡ್ತಿರು.

ಹತ್ತನೆಯ ಕಂತು ಬರುವ ದಿನ ಅಕ್ಕನ ಮದುವೆ ಇತ್ತು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರ ಮನೆ. ಆ ತಿಂಗಳೇ ಅವಳಿಗೆ ನೌಕರಿಯ ಇಂಟರ್‌ವ್ಯೂ ಕಾಗದವೂ ಬಂದಿತ್ತು. ನಮ್ಮ ಮನೆಯ ಹೆಣ್ಣುಮಕ್ಕಳು ದುಡಿಯಲು ಹೊರಗೆ ಹೋಗುವುದಿಲ್ಲ ಎಂದು ಬೀಗರು ಹೇಳಿದರು, ಅಪ್ಪ ಹೂಂ ಅಂದ. ಅಕ್ಕ ಕಾಗದ ಮಡಚಿಟ್ಟಳು. ಗಂಡನ ಮನೆಯಲ್ಲಿ ಟಿ.ವಿ. ಇತ್ತು, ಆದರೆ ಹೊಸ ಸೊಸೆ ಪಡಸಾಲೆಯಲ್ಲಿ ಮಾವನ ಎದುರಿಗೆ ಕೂತು ನೋಡುವ ಪದ್ಧತಿ ಇರಲಿಲ್ಲ. ಆಮೇಲಿನ ಮೂರು ವಾರ ಅಡಿಗೆಮನೆಯೊಳಗೆ ಅವಳಿಗೆ ಕೇಳಿಸಿದ್ದು ಶುರುವಿನ ಹಾಡು ಮಾತ್ರ.

ಮೊದಲನೆಯ ನಾಗರಪಂಚಮಿಗೆ ತವರಿಗೆ ಬಂದಾಗ, ಇನ್ನೂ ಚಪ್ಪಲಿ ಬಿಡುವ ಮೊದಲೇ, ಕಡೀಕೆ ಏನಾತೋ ಎಂದು ನನ್ನನ್ನು ಕೇಳಿದಳು. ನಾನು ಹದಿನೇಳರ ಪೋರ. ಹೇಳಂಗಿಲ್ಲ, ನೋಡಿದ್ರನ ಮಜಾ, ಒಂದಿಲ್ಲ ಒಂದಿನ ನಾನೇ ತೋರಸ್ತೇನಿ ಎಂದೆ. ಅವ್ವನನ್ನು ಕೇಳಿದಳು, ಅವ್ವನಿಗೂ ಹೇಳಬೇಡ ಎಂದು ಕಣ್ಸನ್ನೆ ಮಾಡಿದೆ. ಮರುವರ್ಷವೂ ಕೇಳಿದಳು, ಅದರ ಮರುವರ್ಷವೂ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ತಮ್ಮ ತೋರಿಸುತ್ತಾನೆ ಎಂದು ನಂಬಿ ಸುಮ್ಮನಾಗಿದ್ದಾಳೆ ಎಂದು ನಾನು ಉಬ್ಬಿಕೊಂಡಿದ್ದೆ.

ಆ ಧಾರಾವಾಹಿಯನ್ನು ಯಾವ ಕಂಪನಿಯೂ ಸೀಡಿ ಮಾಡಲಿಲ್ಲ. ಕಂಡ ಕಂಡ ಕಸವನ್ನೆಲ್ಲ ಹೊಳೆಯುವ ಡಬ್ಬಿಯಲ್ಲಿ ಹಾಕಿ ಮಾರಿದವರಿಗೆ ಇದೊಂದು ಕಣ್ಣಿಗೆ ಬೀಳಲಿಲ್ಲ. ಪತ್ರ ಬರೆದೆ, ಉತ್ತರ ಬರಲಿಲ್ಲ. ಕೊನೆಗೆ ಅದು ಸಿಕ್ಕಿದ್ದು ಹಾವೇರಿಯಲ್ಲಿ, ಹಿಂದೆ ವಿಡಿಯೋ ಲೈಬ್ರರಿ ನಡೆಸುತ್ತಿದ್ದ ಒಬ್ಬ ಮುಸ್ಲಿಂ ಹಿರಿಯರ ಮನೆಯಲ್ಲಿ. ಮನೆಮಾತು ಉರ್ದು ಆದರೂ ಅವರ ತಾಯಿಗೆ ಈ ಕನ್ನಡ ಧಾರಾವಾಹಿಯ ಹುಚ್ಚು. ತಾಯಿಯ ಸಲುವಾಗಿ ಅವರು ವಾರವಾರವೂ ಟೇಪಿಗೆ ಇಳಿಸಿದ್ದರು. ಹನ್ನೆರಡು ಕಂತು ಇದ್ದವು. ಹನ್ನೊಂದನೆಯದು ಮಾತ್ರ ಸಿಗಲಿಲ್ಲ. ಅವರು ಪಾಪ ಬಹಳ ಬೇಜಾರು ಮಾಡಿಕೊಂಡರು. ನನಗೆ ಬೇಜಾರಾಗಲಿಲ್ಲ, ಸಿಟ್ಟು ಬಂತು. ಟೇಪುಗಳನ್ನು ಇಸಿದುಕೊಂಡು, ರಾಣೆಬೆನ್ನೂರಿನಲ್ಲಿ ಮದುವೆ ವಿಡಿಯೋ ಮಾಡುವ ಸ್ಟುಡಿಯೋದಲ್ಲಿ ಕಂತಿಗೊಂದರಂತೆ ಸೀಡಿ ಮಾಡಿಸಿದೆ. ದುಂಡಗೆ ಕಾಗದ ಕತ್ತರಿಸಿ, ನನ್ನ ಕೋರ್ಟಿನ ಅಕ್ಷರದಲ್ಲಿ ಕಂತಿನ ಅಂಕಿ ಬರೆದು, ಒಂದೊಂದಕ್ಕೂ ಅಂಟು ಹಚ್ಚಿ ಕೂರಿಸಿದೆ. ನೋಡಿದವರು ವಾಹ್ ಅನ್ನಬೇಕು, ಹಾಗೆ. ಇದು ಹನ್ನೆರಡು ವರ್ಷದ ಹಿಂದೆ.

ಆ ಪಂಚಮಿಗೆ ಅಕ್ಕ ಬಂದಾಗ ತೋರಿಸಿದೆ. ಸೀಡಿಯನ್ನಲ್ಲ, ಸೀಡಿಯ ಪೆಟ್ಟಿಗೆಯನ್ನು. ಅವಳು ಉಂಡಿ ತಿನ್ನುತ್ತಿದ್ದವಳು ಕೈ ಒರೆಸಿಕೊಂಡು, ಇದ್ದಷ್ಟು ಹಚ್ಚೋ ನೋಡೂಣು ಎಂದಳು. ನಾನು ಒಪ್ಪಲಿಲ್ಲ. ನಡುವಿನದೊಂದು ಇಲ್ಲದೆ ನೋಡಿದರೆ ಅದೇನು ನೋಡಿದಂತೆ? ಪೂರ್ತಿಯಾಗಲಿ, ಒಮ್ಮೆಲೇ ನೋಡೋಣ ಎಂದೆ. ಅವಳು ನಕ್ಕು ಮತ್ತೆ ಉಂಡಿ ಎತ್ತಿಕೊಂಡಳು. ಹೀಗೆ ಎಷ್ಟು ಪಂಚಮಿ ಹೋದವೋ. ಪ್ರತಿ ವರ್ಷ ಅವಳು ತಿಜೋರಿಯ ಕಡೆಗೊಮ್ಮೆ ನೋಡುವಳು, ನಾನು ಇನ್ನೂ ಸಿಕ್ಕಿಲ್ಲ ಅನ್ನುವೆ. ನಾನು ಮಾತ್ರ ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಹತ್ತು, ಹನ್ನೆರಡು, ಹದಿಮೂರನ್ನು ಹಚ್ಚಿ ನೋಡುತ್ತಿದ್ದೆ. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಹೋದ ವರ್ಷ ಹಾವೇರಿಯ ಆ ಹಿರಿಯರು ಫೋನ್ ಮಾಡಿದರು. ತೀರಿಕೊಂಡ ತಾಯಿಯ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ, ಹನ್ನೊಂದನೆಯ ಕಂತಿನ ಟೇಪು ಸಿಕ್ಕಿತ್ತು. ಹುಬ್ಬಳ್ಳಿಗೆ ಒಯ್ದು ಅದನ್ನೂ ಸೀಡಿ ಮಾಡಿಸಿ, ಮೊದಲಿನವುಗಳಂತೆ ಟೇಪನ್ನು ಅವರಿಗೇ ಮರಳಿಸಿದೆ. ಟೇಪುಗಳಿಗೆಲ್ಲ ಬೂಸಲು ಹಿಡಿದಿದೆ, ಏನು ಮಾಡಲಿ ಎಂದು ಅವರು ಕೇಳಿದಾಗ ಎಸೆಯಿರಿ ಎಂದವನೂ ನಾನೇ. ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳೋಣ ಎಂದು ಹೊಳೆಯಲಿಲ್ಲವೇ? ಹೊಳೆದಿತ್ತು. ಬೇಡ ಅನಿಸಿತು. ಕರ್ನಾಟಕದಲ್ಲೆಲ್ಲ ಅದು ನನ್ನೊಬ್ಬನ ಹತ್ತಿರ ಇದೆ ಎನ್ನುವ ಸೊಕ್ಕು.

ಅಷ್ಟರಲ್ಲಿ ಸಕ್ಕರೆ ಕಾಯಿಲೆಯಿಂದ ಅಕ್ಕನ ಕಣ್ಣು ಮಂಜಾಗಿ ಆಪರೇಷನ್ ಆಗಿತ್ತು. ಹದಿಮೂರು ಸೀಡಿಯ ಪೆಟ್ಟಿಗೆ, ಜೊತೆಗೊಂದು ಪ್ಲೇಯರ್ ಹೊತ್ತು ಬಸ್ಸಿನಲ್ಲಿ ಬ್ಯಾಡಗಿಗೆ ಹೋದೆ. ಅವಳು ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದ್ದಳು. ಒಂದೂವರೆ ತಿಂಗಳು ಟಿ.ವಿ. ನೋಡಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಪೆಟ್ಟಿಗೆಯನ್ನು ಅವಳ ಗಂಡನ ಕೈಯಲ್ಲಿಟ್ಟೆ. ಸುಗ್ಗಿ ಶುರುವಾಗಿ ಮನೆಯ ಮುಂದೆ ಚೀಲಗಳ ಸಾಲು, ಗಾಳಿಯಲ್ಲೆಲ್ಲ ಖಾರದ ಧೂಳು, ಮಾತಿಗೊಂದು ಸೀನು. ಧೂಳು ತಾಗಬಾರದು, ಬಿಸಿಲು ಬೀಳಬಾರದು ಎಂದೆ. ಹಾಂಗಾದ್ರ ಎಲ್ಲಿ ಇಡ್ಲಿ ಎಂದು ಅವರು ಎರಡು ಸಲ ಕೇಳಿದರು. ಮೂರನೆಯ ಸಲ ಕೇಳಿದಾಗ ನನಗೆ ರೇಗಿತು.

“ನಿಮ್ಮ ಛಲೋ ಮೆಣಸಿನಕಾಯಿ ಹೆಂಗ ಜ್ವಾಪಾನ ಮಾಡ್ತೀರಿ, ಹಂಗ ಮಾಡ್ರಿ ಮಾಮಾ,” ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿದರು.

ಒಂದೂವರೆ ತಿಂಗಳು ಐದು ತಿಂಗಳಾಯಿತು. ಅವರಿಗೆ ಪೇಟೆಯ ಗದ್ದಲ, ನನಗೆ ಕೋರ್ಟಿನ ಗದ್ದಲ. ಫೋನಿನಲ್ಲಿ ಕೇಳಿದರೆ ಅಕ್ಕ, ಎಲ್ಲೋ ಜ್ವಾಪಾನ ಇಟ್ಟಾರಂತ, ನೀ ಬಾ, ಕೂಡೇ ನೋಡೂಣು ಅನ್ನುತ್ತಿದ್ದಳು. ಬೇಸಿಗೆಯ ರಜೆಯಲ್ಲಿ ಹೋದೆ. ಅಕ್ಕ ಬೆಳಿಗ್ಗೆಯೇ ಅಡಿಗೆ ಮುಗಿಸಿ, ಟಿ.ವಿ. ಎದುರಿಗೆ ಚಾಪೆ ಹಾಸಿ, ತನಗೊಂದು ಗೋಡೆಯ ಆಸರೆ ನೋಡಿಟ್ಟುಕೊಂಡಿದ್ದಳು. ಮಾಮಾ ಹೆಮ್ಮೆಯಿಂದ ಹಮಾಲನೊಬ್ಬನ ಕೈಗೆ ಚೀಟಿ ಕೊಟ್ಟು, ಕೋಲ್ಡ್ ಸ್ಟೋರೇಜಿಗೆ ಕಳಿಸಿದರು.

ಬ್ಯಾಡಗಿಯವರಿಗೆ ಇದು ವಿಶೇಷವಲ್ಲ. ಬೇಸಿಗೆಯಲ್ಲಿ ಹೊರಗಿಟ್ಟರೆ ಮೆಣಸಿನಕಾಯಿಯ ಬಣ್ಣ ಇಳಿಯುತ್ತದೆ, ಅದಕ್ಕೇ ಒಳ್ಳೆಯ ಮಾಲನ್ನೆಲ್ಲ ಥಂಡಿಯಲ್ಲಿ ಇಡುತ್ತಾರೆ. ಬಂದ ಪೆಟ್ಟಿಗೆಗೆ ಸುತಳಿಯಲ್ಲಿ ಕಟ್ಟಿದ ಲಾಟ್ ಚೀಟಿ ಇತ್ತು, ಮಾಲಿನ ಹೆಸರಿನ ಜಾಗದಲ್ಲಿ ಸೀಡಿ ಎಂದು ಬರೆದಿತ್ತು. ಥಂಡಿಯಿಂದ ಎತ್ತಿ ನಡು ಮಧ್ಯಾಹ್ನದ ಬಿಸಿಲಿನಲ್ಲಿ ತಂದ ಪೆಟ್ಟಿಗೆ ಮೈತುಂಬ ಬೆವತಿತ್ತು. ತೆರೆದೆ. ಕಾಗದದ ಲಕೋಟೆಗಳು ತೊಯ್ದು ಮುದ್ದೆಯಾಗಿದ್ದವು. ನಾನು ಅಷ್ಟು ಚಂದಗೆ ಹಚ್ಚಿದ ಲೇಬಲ್ಲುಗಳು ಉಬ್ಬಿ ಲಕೋಟೆಗೆ ಅಂಟಿಕೊಂಡಿದ್ದವು. ಮೊದಲನೆಯದನ್ನು ಮೆಲ್ಲಗೆ ಎಳೆದೆ. ಲೇಬಲ್ ಕಿತ್ತು ಬಂತು, ಅದರ ಜೊತೆ ಸೀಡಿಯ ಬೆಳ್ಳಿಯ ಪದರವೂ ಕಿತ್ತು ಬಂತು. ಕೈಯಲ್ಲಿ ಉಳಿದದ್ದು ಬರೇ ಪ್ಲಾಸ್ಟಿಕ್ಕಿನ ಬಿಲ್ಲೆ. ಅದರಾಚೆ ಅಕ್ಕನ ಮುಖ ಸ್ಪಷ್ಟ ಕಾಣುತ್ತಿತ್ತು.

ಹದಿಮೂರೂ ಹಾಗೇ. ಅಲ್ಲಲ್ಲಿ ಪದರ ಉಳಿದ ಎರಡನ್ನು ಪ್ಲೇಯರಿಗೆ ಹಾಕಿದೆ. ಅದು ಒಂದಿಷ್ಟು ಗುರುಗುಟ್ಟಿ ಹೊರಗೆ ತಳ್ಳಿತು.

ಆಗ ನಾನು ಬೈದೆ. ಹಮಾಲರ ಎದುರಿಗೆ, ಮನೆಯ ಸೊಸೆಯಂದಿರ ಎದುರಿಗೆ, ಬೀಗತನದ ಮರ್ಯಾದೆ ಬಿಟ್ಟು ಬೈದೆ. ಬುದ್ಧಿ ಎಲ್ಲಿ ಇಟ್ಟಿದ್ರಿ, ಅದನ್ನೂ ಚೀಲದಾಗ ತುಂಬಿ ಥಂಡ್ಯಾಗ ಇಟ್ಟಿದ್ರೇನು ಎಂದೆ. ನನಗಿಂತ ಹತ್ತು ವರ್ಷ ದೊಡ್ಡವರು. ಅವರು ತಿರುಗಿ ಬೈಯಲಿಲ್ಲ.

“ನೀನ ಹೇಳಿದ್ದಿ, ಮೆಣಸಿನಕಾಯಿ ಇಟ್ಟಂಗ ಇಡ್ರಿ ಅಂತ,” ಎಂದರು. “ನನ್ನ ಸ್ವಂತ ಆರಿಸಿದ ಮಾಲ್ ಎಲ್ಲಿ ಇಡ್ತೇನಿ, ಅಲ್ಲೇ ಇಟ್ಟೇನಿ. ಅದಕ್ಕಿಂತ ಛಲೋ ಜಾಗಾ ನನ್ನ ಹಂತ್ಯಾಕ ಇಲ್ಲ.”

ಖರೇ ಮಾತು. ಅದು ಖರೇ ಎಂದು ಗೊತ್ತಾದದ್ದಕ್ಕೇ ಸಿಟ್ಟು ಇನ್ನಷ್ಟು ಏರಿತು. ಲೇಬಲ್ ನನ್ನದು, ಅಂಟು ನನ್ನದು, ಟೇಪು ಎಸೆಯಿರಿ ಎಂದ ಬಾಯಿ ನನ್ನದು, ನಕಲು ಬೇಡವೆಂದ ಸೊಕ್ಕು ನನ್ನದು. ಬೈಯಿಸಿಕೊಂಡವರು ಮಾತ್ರ ಅವರು.

ಅಕ್ಕ ಗಂಡನನ್ನು ಒಳಗೆ ಕಳಿಸಿ, ಚಾಪೆಯ ಮೇಲೆ ನನ್ನನ್ನು ಕೂರಿಸಿಕೊಂಡಳು. ಹೋಗ್ಲಿ ಬಿಡು ತಮ್ಮಾ, ನೀ ನೋಡೀದಿ ಅಲ್ಲ, ಬಾಯಿಲೆ ಹೇಳು ಎಂದಳು. ಹೊಸ ಕಣ್ಣಿನಿಂದ ನನ್ನನ್ನೇ ನೋಡುತ್ತ ಗೋಡೆಗೆ ಒರಗಿ ಕೂತಳು. ನಾನು ಹೇಳಿದೆ. ಚೆನ್ನಾಗಿಯೇ ಹೇಳಿದೆ, ಒಂದು ಮಾತೂ ತಪ್ಪದಂತೆ. ಗಂಡ ಹಳ್ಳಿಯಲ್ಲೇ ಉಳಿದು ದಿನವೂ ಶಾಲೆಯ ಕಟ್ಟೆಯ ಮೇಲೆ ಕೂರುವುದು, ಹನ್ನೊಂದರಲ್ಲಿ ಅವನಿಗೆ ಜ್ವರ ಬರುವುದು, ಹನ್ನೆರಡರಲ್ಲಿ ಅತ್ತೆಯ ಪತ್ರ. ಹದಿಮೂರರಲ್ಲಿ ಅವಳು ಶಾಲೆಯ ಕೀಲಿಕೈಯನ್ನು ಊರ ಹಿರಿಯರಿಗೆ ಕೊಟ್ಟು, ಗಂಡನ ಪಕ್ಕದಲ್ಲಿ ಎತ್ತಿನ ಚಕ್ಕಡಿಯಲ್ಲಿ ಕೂತು ಊರಿಗೆ ಹೊರಡುವುದು. ಆ ಕೊನೆಯನ್ನು ನೋಡಿ ಅವತ್ತು ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದಳು, ಓಣಿಯವರೆಲ್ಲ ಛಲೋ ಮುಗಿಸಿದರು ಅಂದಿದ್ದರು. ನನಗೂ ಹಾಗೇ ಅನಿಸಿತ್ತು. ಮೂವತ್ತೈದು ವರ್ಷ ಹಾಗೇ ಅನಿಸುತ್ತಿತ್ತು.

“ಆಕಿನೂ ಬಂದ್ಲಾ?” ಎಂದಳು ಅಕ್ಕ.

ನಾನು ಹೂಂ ಅಂದೆ. ಒಳಗೆ ಮಾಮಾ ಚಹಾಕ್ಕೆ ಯಾರಿಗೋ ಹೇಳುತ್ತಿದ್ದರು.

“ಆಕಿ ಹೋಗಲಿಲ್ಲ ಅಂತ ತಿಳದಿದ್ದೆ ನಾ,” ಎಂದಳು. “ದಿನಾ ಮುಂಜಾನೆ ರೊಟ್ಟಿ ಬಡಿಯೂ ಮುಂದ, ಹೋಗ್ಲಿ, ಒಬ್ಬಾಕೀನರ ಅಲ್ಲೇ ಸಾಲ್ಯಾಗ ನಿಂತಾಳ ಅಂತ ತಿಳದು ಬಡದೇನಿ.”

ಅದು ಬರೇ ಧಾರಾವಾಹಿ ಅಕ್ಕಾ ಎಂದು ನಾನು ಏನೋ ಅನ್ನಲು ಹೋದೆ. ಮೂರು ಖಾನೆ ಧಾರಾವಾಹಿ ತುಂಬಿಟ್ಟುಕೊಂಡವನು ಆಡುವ ಮಾತೇ ಅದು? ಅವಳು ಕೈ ಎತ್ತಿ ತಡೆದಳು. ನನ್ನ ಜೀವಮಾನದಲ್ಲಿ ಅಕ್ಕ ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದನಿ ಏರಲಿಲ್ಲ.

“ಮೊದಲನೇ ಪಂಚಮಿಗೆ ನಾ ಕೇಳಿದ್ನೆಲ್ಲೋ, ಆಗ ಹೇಳಬೇಕಾಗಿತ್ತು ನೀ. ಆಗ ನನಗಿನ್ನ ಇಪ್ಪತ್ತೆರಡು. ಆಕಿ ನಿಲ್ಲಲಿಲ್ಲ ಅಂತ ಗೊತ್ತಾಗಿದ್ರ, ನಾನರ ನಿಲ್ತಿದ್ದೆ.”