ವಾರ್ಡಿಗೆ ಹೋದ ನನ್ನ ಬೋಳುತಲೆ

ಅಕ್ಕನ ಮಗಳಿಗೆ ರಕ್ತದ ಕ್ಯಾನ್ಸರ್. ಆರು ವರ್ಷದ ಹುಡುಗಿ. ಚಿಕಿತ್ಸೆಗೆಂದು ವಿಜಯಪುರದಿಂದ ಬಂದ ತಾಯಿ ಮಗಳು ಧಾರಾವಿಯ ನನ್ನ ಒಂದೇ ಖೋಲಿಯಲ್ಲಿ ಉಳಿದಿದ್ದರು. ಔಷಧಿಗೆ ಅವಳ ಕೂದಲೆಲ್ಲ ಉದುರಿತ್ತು, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳೂ ಕುಸಿದಿದ್ದವು. ಇಂಥ ಹೊತ್ತಿನಲ್ಲಿ ಜ್ವರ ಬಂದರೆ ಮಾತ್ರೆ ನುಂಗಿಸಿ ಕೂರಬೇಡಿ, ಓಡಿ ಬನ್ನಿ ಎಂದಿದ್ದರು ಡಾಕ್ಟರು. ಆ ಬೆಳಿಗ್ಗೆ ಜ್ವರ ಬಂತು. ಓಡಿದೆವು.

ಮಗುವನ್ನು ವಾರ್ಡಿಗೆ ಸೇರಿಸಿಕೊಂಡರು. ನಾನು ಹೊರಗೆ ನಿಂತು ಅತ್ತೆ. ಹೆದರಿದಾಗ ನನ್ನ ತಲೆ ಓಡುವುದಿಲ್ಲ. ಹೆದರದಿದ್ದಾಗ ಓಡುತ್ತದೆ ಎಂದೇನೂ ಅಲ್ಲ. ಅವಳನ್ನು ನಗಿಸಲು ನಾನೂ ಬೋಳಾಗೋಣ ಎಂದು ಎದುರಿನ ಕಟಿಂಗ್ ಅಂಗಡಿಗೆ ನುಗ್ಗಿ, “ಪೂರಾ ನಿಕಾಲೋ” ಎಂದೆ. ಅತ್ತು ಊದಿದ್ದ ನನ್ನ ಮುಖ ನೋಡಿ ಅಂಗಡಿಯವನು ಏನೂ ಕೇಳಲಿಲ್ಲ. ಮೀಸೆಯನ್ನೂ ತೆಗೆದ. ಹಿಂದೆ ಚೋಟುದ್ದ ಜುಟ್ಟು ಬಿಟ್ಟ. ಹೆಗಲು ತಟ್ಟಿ ಕಳಿಸಿದ. ಎಂಥ ಒಳ್ಳೆಯವನು ಎಂದುಕೊಂಡೆ.

ವಾರ್ಡಿನ ಬಾಗಿಲಲ್ಲಿ ನನ್ನನ್ನು ಕಂಡ ಅಕ್ಕ ಗೋಡೆ ಹಿಡಿದಳು.

“ಅಪ್ಪಗ ಏನಾತೋ?”

ಮನೆಯಲ್ಲಿ ಸಾವಾದಾಗ ಗಂಡುಮಕ್ಕಳು ಮಾಡಿಸಿಕೊಳ್ಳುವ ಕ್ಷೌರ ಅದು ಎಂದು ಆಗ ಹೊಳೆಯಿತು. ಗಾಬರಿಯಲ್ಲಿ ಇನ್ನೂ ಕೆಡಿಸಿದೆ.

“ಅಪ್ಪ ಆರಾಮ ಅದಾನ ಅಕ್ಕಾ. ಇದು ಕೂಸಿನ ಸಲುವಾಗಿ.”

ಪಕ್ಕದ ಮಂಚದ ಮಗುವಿನ ಅಜ್ಜಿ ಸೆರಗನ್ನು ಕಣ್ಣಿಗೊತ್ತಿಕೊಂಡಳು.

“ಕೂಸಿನ್ನಾ ಜೀವಂತ ಐತೋ, ಖೋಡಿ,” ಎಂದು ಬೈದಳು ಅಕ್ಕ.

ಹುಡುಗಿ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಮಲಗಿದ್ದಳು. ನನ್ನ ತಲೆಯನ್ನೇ ನೋಡಿದಳು. ನಗಲಿಲ್ಲ.

“ಮಾಮಾ, ನಂದು ನಿನಗ ಹತ್ತೇತೇನು?”

“ಇಲ್ಲವ್ವಾ, ಈ ಬ್ಯಾನಿ ಯಾರಿಂದ ಯಾರಿಗೂ ಹತ್ತೂದಿಲ್ಲ. ನಾನಽ ಬೋಳಿಸಿಕೊಂಡು ಬಂದೀನಿ.”

“ಸುಳ್ಳ. ನಾ ನಿನ್ನ ತಾಟಿನ್ಯಾಗ ಉಂಡಿದ್ದೆ.”

ಇತ್ತೀಚೆಗೆ ಅವಳು ನನ್ನ ಪಕ್ಕ ಮಲಗಲು ಒಲ್ಲೆ ಎನ್ನುತ್ತಿದ್ದಳು. ನನ್ನ ಗೊರಕೆಗೆ ಹೆದರಿದ್ದಾಳೆ ಎಂದು ಚಾಳಿನ ನೆರೆಯವರಿಗೆಲ್ಲ ಹೇಳಿ ನಗಿಸಿದ್ದೆ. ಅವಳು ಹೆದರಿದ್ದು ನನ್ನ ಸಲುವಾಗಿ.

ಥರ್ಮಾಮೀಟರ್ ಪೀಂ ಎಂದಿತು. ಅವಳು ಅದನ್ನು ತೆಗೆದು ನನ್ನತ್ತ ಚಾಚಿದಳು.

“ಮೊದಲ ನಿಂದು ನೋಡು.”

ಅದರ ಅಂಕಿಯನ್ನು ಬಗ್ಗಿ ನೋಡಿದ ಅಕ್ಕ, ನರ್ಸನ್ನು ಕರೆಯಲು ಓಡಿದಳು. ನಾನು ಅಂಗಿಯ ಗುಂಡಿ ಬಿಚ್ಚಿ ಅದನ್ನು ಕಂಕುಳಲ್ಲಿ ಇಟ್ಟುಕೊಂಡೆ. ಅವಳ ಮೈಬಿಸಿ ಇನ್ನೂ ಅದರಲ್ಲಿತ್ತು.